ಎಣ್ಣೆ ಹೊಡೆಯುವ ಮೊದಲು ಗಿಡ ಜಾಡಿಸಿ ನೋಡಿ

2024ರ ದೀಪಾವಳಿ ಮುಗಿದು ಐದಾರು ದಿನ ಆಗಿತ್ತು. ನಮ್ಮ ತೊಗರಿ ಒಳ್ಳೆ ಹೂವಿಗೆ ಬಂದಿತ್ತು. ಅದರ ಹಿಂದೆಯೇ ಎರಡು ದಿನ ಮೋಡ ಮುಸುಕಿತು. ಮೂರನೇ ದಿನ ಮುಂಜಾನೆ ಮಗ ಬೆನ್ನಿಗೆ ಪಂಪು ಹಾಕಿಕೊಂಡು ನಿಂತಿದ್ದ.

"ಅಪ್ಪಾ, ಊರೆಲ್ಲಾ ಎಣ್ಣಿ ಹೊಡಿಲತ್ತಾರ. ನಮ್ದೊಂದೇ ಉಳಿದದ" ಅಂದ.

"ಕೀಡಿ ನೋಡಿಯೇನು?" ಅಂತ ಕೇಳಿದೆ.

"ನೋಡೋದೇನದ? ಮೋಡ ಬಂದದ ಅಂದ್ರ ಕೀಡಿ ಬಂದದ ಅಂತನೇ."

ಮಗನದು ತಪ್ಪಿಲ್ಲ. ನಮ್ಮ ಕಲಬುರಗಿ ಸೀಮೆಯಲ್ಲಿ ಹತ್ತು ರೈತರನ್ನು ಕೇಳಿದರೆ ಎಂಟು ಮಂದಿ ಹೀಗೇ ಹೇಳ್ತಾರೆ. ಮೋಡ ಬಂತು, ಅಂಗಡಿಗೆ ಹೋದೆವು, ಅವರು ಕೊಟ್ಟ ಎರಡು ಡಬ್ಬಿ ಕೂಡಿಸಿ ಹೊಡೆದೆವು. ಹೊಲಕ್ಕೆ ಹೋಗಿ ಒಂದು ಗಿಡ ಬಗ್ಗಿಸಿ ನೋಡುವ ಕೆಲಸ ಮಾತ್ರ ಬಿಟ್ಟಿದ್ದೇವೆ. ನಮ್ಮ ಬೆಳೆಗೆ ರೋಗ ಏನು ಅಂತ ನಾವು ಹೇಳೋದಿಲ್ಲ, ಮಾರುವವನು ಹೇಳ್ತಾನೆ. ಇದು ಸರಿಯಲ್ಲ ಅನ್ನುವುದು ನನ್ನ ವಾದ. ಯಾಕೆ ಅಂತ ಅನುಭವದಿಂದಲೇ ಹೇಳ್ತೇನೆ.

ಆ ದಿನ ಪಂಪು ಇಳಿಸಿಸಿದೆ. ಅಪ್ಪ ಮಗ ಇಬ್ಬರೂ ಹೊಲಕ್ಕೆ ಹೋಗಿ ಮೂಲೆಯಿಂದ ಮೂಲೆಗೆ ನಡೆಯುತ್ತಾ ಇಪ್ಪತ್ತು ಗಿಡ ನೋಡಿದೆವು. ಇಪ್ಪತ್ತರಲ್ಲಿ ಸಿಕ್ಕಿದ್ದು ಒಂಬತ್ತು ಮೊಟ್ಟೆ, ಎರಡು ಸಣ್ಣ ಕೀಡಿ. ಕೃಷಿ ವಿಶ್ವವಿದ್ಯಾಲಯದವರು ಹೇಳುವ ಲೆಕ್ಕ ಗಿಡಕ್ಕೆ ಎರಡು ಮೊಟ್ಟೆ ಇಲ್ಲವೇ ಒಂದು ಮರಿ ಕೀಡಿ. ಅಷ್ಟಾದರೆ ಮದ್ದು ಹೊಡೆಯಬೇಕು, ಅದಕ್ಕಿಂತ ಕಡಿಮೆ ಇದ್ದರೆ ಖರ್ಚು ದಂಡ. ನಮ್ಮ ಹೊಲದಲ್ಲಿ ಗಿಡಕ್ಕೆ ಅರ್ಧ ಮೊಟ್ಟೆಯೂ ಇರಲಿಲ್ಲ. ಆ ಸಂಜೆ ಬೇವಿನ ಬೀಜದ ಕಷಾಯ ಹೊಡೆದು ಸುಮ್ಮನಾದೆವು.

ಮೈಮೇಲೆ ಬಂದ ವರ್ಷ

ನನಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. 1997-98ರ ಹಂಗಾಮು ನಮ್ಮ ಕಡೆಯ ಯಾವ ಹಳೆಯ ರೈತನೂ ಮರೆಯುವುದಿಲ್ಲ. ಆಗ ನಾನಿನ್ನೂ ಮೂವತ್ತರ ಒಳಗಿನವ, ಹೊಲ ಅಪ್ಪನ ಕೈಯಲ್ಲಿತ್ತು. ಹೂವು ಕಾಯಿ ಆಗುವ ಹೊತ್ತಿಗೆ ಕೀಡಿ ಬಿತ್ತು. ಗಿಡದ ಕೆಳಗೆ ನಿಂತರೆ ಕರಕರ ತಿನ್ನುವ ಸಪ್ಪಳ ಕೇಳಿಸುತ್ತಿತ್ತು. ನಾವು ಆರು ಸಲ ಎಣ್ಣೆ ಹೊಡೆದೆವು. ಆಗ ಎಂಡೋಸಲ್ಫಾನ್ ಎಲ್ಲರ ಮನೆಯಲ್ಲೂ ಇತ್ತು. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, ಈಗಿನ ಹುಡುಗರಿಗೆ ಅದರ ವಾಸನೆಯೂ ಗೊತ್ತಿಲ್ಲ. ಒಂದು ಹೊಡೆದರೆ ಸಾಯಲಿಲ್ಲ ಅಂತ ಎರಡು ಕೂಡಿಸಿದೆವು, ಎರಡು ಸಾಲದು ಅಂತ ಮೂರು. ಕೀಡಿ ಮೈ ಒದ್ದೆ ಮಾಡಿಕೊಂಡು ಮತ್ತೆ ಕಾಯಿಗೆ ತಲೆ ಹಾಕುತ್ತಿತ್ತು.

ಐದನೇ ಸಲ ಹೊಡೆಯುವಾಗ ಅಪ್ಪ ಬದುವಿನ ಮೇಲೆ ಕುಸಿದು ಬಿದ್ದರು. ಬಾಯಲ್ಲಿ ನೊರೆ, ಕಣ್ಣು ಮೇಲೆ. ಬಂಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಜೀವ ಉಳಿಯಿತು. ಆದರೆ ಆ ಮೇಲೆ ಅವರು ಪಂಪು ಎತ್ತಲಿಲ್ಲ, ನೇಗಿಲ ಹಿಂದೆಯೂ ಮೊದಲಿನ ಹಾಗೆ ನಡೆಯಲಿಲ್ಲ. ಅಂಗಡಿಯ ಉದ್ರಿ ತೀರಿಸಲು ಎತ್ತಿನ ಜೋಡಿ ಮಾರಿದೆವು. ನಾಲ್ಕು ಎಕರೆಗೆ ಬಂದದ್ದು ಎರಡು ಚೀಲ ತೊಗರಿ, ಅದರಲ್ಲಿ ಅರ್ಧ ತೂತು. ಪಕ್ಕದ ಬೀದರ್ ಜಿಲ್ಲೆಯಿಂದ ಬೆಳೆ ಹೋಗಿ ಸಾಲಕ್ಕೆ ಅಂಜಿ ಜೀವ ಕಳಕೊಂಡವರ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಹೆಂಗಸರು ಔಷಧಿ ಡಬ್ಬಿ ಅಪ್ಪನ ಕೈಗೆ ಸಿಗದ ಹಾಗೆ ಬಚ್ಚಿಟ್ಟಿದ್ದರು. ಇಷ್ಟು ಹೇಳಿದರೆ ಸಾಕು.

ಕೀಡಿಯ ಸಂಸಾರ ತಿಳಿದುಕೊಳ್ಳಿ

ಆರು ಸಲ ಹೊಡೆದರೂ ಯಾಕೆ ಸಾಯಲಿಲ್ಲ? ಆಮೇಲೆ ನಾಲ್ಕಾರು ಮಂದಿಯನ್ನು ಕೇಳಿ, ತರಬೇತಿಗೆ ಹೋಗಿ, ಸ್ವತಃ ಬಾಟಲಿಯಲ್ಲಿ ಕೀಡಿ ಸಾಕಿ ನೋಡಿ ತಿಳಿದುಕೊಂಡೆ.

ಕೀಡಿ ಮೋಡದಿಂದ ಬೀಳುವುದಿಲ್ಲ. ಮಾಸಲು ಕಂದು ಬಣ್ಣದ ಒಂದು ಪತಂಗ ರಾತ್ರಿ ಹಾರಿ ಬಂದು ಮೊಗ್ಗು, ಹೂವು, ಎಳೆ ಕುಡಿಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಗಸಗಸೆ ಕಾಳಿನಷ್ಟು, ಹಳದಿ ಬಿಳುಪು. ಮೂರು ನಾಲ್ಕು ದಿನಕ್ಕೆ ಒಡೆದು ನೂಲಿನಂಥ ಮರಿ ಬರುತ್ತದೆ. ಮೊದಲ ಕೆಲವು ದಿನ ಅದು ಹೂವು, ಎಳೆ ಎಲೆ ಕೆರೆದು ತಿನ್ನುತ್ತದೆ. ದೊಡ್ಡದಾದ ಮೇಲೆ ಕಾಯಿಗೆ ದುಂಡಗೆ ತೂತು ಹಾಕಿ, ತಲೆ ಒಳಗೆ ಮೈ ಹೊರಗೆ ಇಟ್ಟು ಕಾಳು ತಿನ್ನುತ್ತದೆ. ಎರಡು ಮೂರು ವಾರ ತಿಂದು ಒಂದೂವರೆ ಇಂಚು ಬೆಳೆದು, ಮಣ್ಣಿಗೆ ಇಳಿದು ಕೋಶ ಆಗುತ್ತದೆ. ಮತ್ತೆ ಅದೇ ಪತಂಗ. ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು, ಕಂದು, ಕೆಂಪು ಛಾಯೆ ಏನಿದ್ದರೂ ಜಾತಿ ಒಂದೇ. ಇದೇ ಕೀಡಿ ಕಡಲೆಗೆ, ಹತ್ತಿಗೆ, ಸೂರ್ಯಕಾಂತಿಗೆ, ಟೊಮೆಟೊಗೆ ಬೀಳುತ್ತದೆ.

ಈಗ ಯೋಚಿಸಿ. ನಮ್ಮ ಕಣ್ಣಿಗೆ ಕೀಡಿ ಕಾಣುವುದು ಅದು ಒಂದು ಇಂಚು ಆದ ಮೇಲೆ. ಆ ಹೊತ್ತಿಗೆ ಅದರ ತಲೆ ಕಾಯಿಯೊಳಗೆ, ಚರ್ಮ ದಪ್ಪ, ತಿನ್ನುವುದು ಅರ್ಧ ಮುಗಿದಿದೆ. ಆಗ ಹೊಡೆದ ಎಣ್ಣೆ ದೊಡ್ಡದನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಜೇಡವನ್ನು, ಗುಲಗಂಜಿ ಹುಳುವನ್ನು, ಕೀಡಿಯ ಮೊಟ್ಟೆ ತಿನ್ನುವ ಸಣ್ಣ ಹುಳುಗಳನ್ನು. ಅಂದರೆ ಕಾವಲುಗಾರನನ್ನು ಕೊಂದು ಕಳ್ಳನನ್ನು ಬಿಟ್ಟ ಹಾಗೆ. ಇನ್ನೊಂದು ಮಾತು. ಒಂದೇ ಜಾತಿಯ ಔಷಧಿ ಮತ್ತೆ ಮತ್ತೆ ಹೊಡೆದರೆ ಬದುಕಿ ಉಳಿದ ಕೀಡಿಯ ಮರಿಗಳಿಗೆ ಅದು ತಾಗುವುದಿಲ್ಲ. 1987ರ ಸುಮಾರಿಗೆ ಆಂಧ್ರದ ಹತ್ತಿ ಸೀಮೆಯಲ್ಲಿ ಆದದ್ದು ಇದೇ. ಹೊಸದಾಗಿ ಬಂದ ಪೈರೆಥ್ರಾಯ್ಡ್ ಔಷಧಿ ಸುರಿದೂ ಸುರಿದೂ ಕೀಡಿ ಅದನ್ನು ಜೀರ್ಣಿಸಿಕೊಂಡಿತು.

ಜಾಡಿಸುವುದು ಹೇಗೆ

1990ರ ದಶಕದ ಆ ಕಷ್ಟದ ದಿನಗಳಲ್ಲೇ ನಮ್ಮ ಜಿಲ್ಲೆಯ ಕೆಲವು ಊರುಗಳಲ್ಲಿ ರೈತರು ಎಣ್ಣೆಗೆ ಬೇಸತ್ತು ಗಿಡ ಜಾಡಿಸಿ ಕೀಡಿ ಕೆಡವುತ್ತಿದ್ದರು. ಇದು ಯಾರೋ ಹೊರಗಿನವರು ಕಲಿಸಿದ ವಿದ್ಯೆಯಲ್ಲ, ರೈತರದೇ. ಮುಂದೆ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರೂ ಪರೀಕ್ಷೆ ಮಾಡಿ ಒಪ್ಪಿದರು. ನಾನು ನೆಂಟರ ಊರಿನಲ್ಲಿ ನೋಡಿ ಬಂದು ಶುರು ಮಾಡಿದೆ.

ಮೂರು ಜನ ಬೇಕು. ಹಳೆ ಗೊಬ್ಬರದ ಚೀಲ ಬಿಚ್ಚಿ ಹೊಲಿದ ಒಂದು ತಟ್ಟು, ಇಲ್ಲವೇ ತಾಡಪತ್ರಿಯ ತುಂಡು, ಎರಡು ಸಾಲಿನ ನಡುವೆ ಹಾಸಬೇಕು. ಇಬ್ಬರು ಎರಡೂ ಬದಿಯ ಗಿಡವನ್ನು ತಟ್ಟಿನ ಮೇಲೆ ಬಗ್ಗಿಸಿ ಎರಡು ಮೂರು ಸಲ ಮೆತ್ತಗೆ ಜಾಡಿಸಬೇಕು. ಕೀಡಿ ಪಟಪಟ ಬೀಳುತ್ತವೆ. ಮೂರನೆಯವರು ತಟ್ಟು ಎಳೆಯುತ್ತಾ ಮುಂದೆ ಹೋಗುವುದು. ಸಾಲಿನ ಕೊನೆಯಲ್ಲಿ ಕೀಡಿಯನ್ನು ಬಕೆಟಿಗೆ ಸುರಿದು ಸೀಮೆಎಣ್ಣೆ ಇಲ್ಲವೇ ಸಾಬೂನು ನೀರು ಹಾಕಿ ಕೊಲ್ಲಬೇಕು. ನಾವು ಕೋಳಿಗೆ ಹಾಕುತ್ತೇವೆ. ಹಿಂದಿನ ದಿನಗಳಲ್ಲಿ ಎಣ್ಣೆ ಹೊಡೆದಿದ್ದರೆ ಮಾತ್ರ ಕೋಳಿಗೆ ಹಾಕಬೇಡಿ.

ದೊಡ್ಡ, ನಡುವಯಸ್ಸಿನ ಕೀಡಿ ನನ್ನ ಅಂದಾಜಿಗೆ ಹತ್ತಕ್ಕೆ ಎಂಟು ಬೀಳುತ್ತವೆ. ಯಾವುದಕ್ಕೆ ಎಣ್ಣೆ ತಾಗುವುದಿಲ್ಲವೋ ಅದಕ್ಕೇ ಜಾಡಿಸುವುದು ಮದ್ದು. ಹೂವಿನೊಳಗಿನ ನೂಲಿನಂಥ ಮರಿ ಬೀಳುವುದಿಲ್ಲ. ಹೂವಿಗೆ ಬಲೆ ಕಟ್ಟಿಕೊಂಡು ಒಳಗಿರುವ ಹುಳು ಬೀಳುವುದಿಲ್ಲ. ಕಾಯಿ ನೊಣದ ಮರಿಯಂತೂ ಕಾಯಿಯೊಳಗೇ ಇರುತ್ತದೆ. ಇದನ್ನು ಮುಚ್ಚಿಟ್ಟು ನಾನು ಜಾಡಿಸುವುದನ್ನು ಹೊಗಳುವುದಿಲ್ಲ. ಗಿಡವನ್ನು ಸಿಟ್ಟಿನಿಂದ ಬಡಿದರೆ ಹೂವೂ ಉದುರುತ್ತದೆ, ಆದ್ದರಿಂದ ಕೈ ಹಗುರ ಇರಬೇಕು. ಈ ಕೆಲಸದಲ್ಲಿ ನನಗಿಂತ ನಮ್ಮ ಮನೆಯಾಕೆಯ ಕೈ ಚೊಲೊ.

ಬರುವ ಮೊದಲೇ ಮಾಡುವುದು

ಜಾಡಿಸುವುದು ಕೊನೆಯ ಕೆಲಸ. ಮೊದಲ ಕೆಲಸ ಬಿತ್ತುವ ಮುಂಚೆಯೇ ಇದೆ.

ತೊಗರಿ ಕಡಿದ ಮೇಲೆ, ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿದರೆ ಮಣ್ಣಿನಲ್ಲಿ ಮಲಗಿದ ಕೋಶ ಮೇಲೆ ಬರುತ್ತವೆ. ಬಿಸಿಲು ಅರ್ಧ ಕೊಲ್ಲುತ್ತದೆ, ಉಳಿದದ್ದನ್ನು ಕೊಕ್ಕರೆ ಹಿಂದೆ ಹಿಂದೆ ಬಂದು ತಿನ್ನುತ್ತವೆ.

ಬಿತ್ತುವಾಗ ತೊಗರಿ ಬೀಜದಲ್ಲಿ ಒಂದು ಹಿಡಿ ಜೋಳ ಕೂಡಿಸಿ. ಅಲ್ಲಲ್ಲಿ ಜೋಳದ ದಂಟು ಎತ್ತರಕ್ಕೆ ನಿಂತರೆ ಕಾಜಾಣ, ಗೊರವಂಕ ಕೂರುತ್ತವೆ. ಕೂತ ಹಕ್ಕಿ ಸುಮ್ಮನೆ ಕೂರುವುದಿಲ್ಲ. ಜೋಳ ಇಲ್ಲದಿದ್ದರೆ ಕಟ್ಟಿಗೆಯ ಅಡ್ಡಪಟ್ಟಿ ನೆಡಿ. ಹೂವಿನ ಹೊತ್ತಿಗೆ ನಾನು ಒಂದೆರಡು ಸಲ ಸಾಲಿನಲ್ಲಿ ಚುರಮುರಿ ಎರಚುತ್ತೇನೆ. ಚುರಮುರಿಗೆ ಬಂದ ಹಕ್ಕಿ ಕೀಡಿಯ ರುಚಿ ಕಂಡು ನಿಲ್ಲುತ್ತದೆ. ಬದುವಿನ ಬೇವು, ಜಾಲಿ ಕಡಿದು ಹೊಲ ಬೋಳು ಮಾಡಿ, ಆಮೇಲೆ ಹಕ್ಕಿ ಬರಲಿ ಅಂದರೆ ಎಲ್ಲಿ ಬರಬೇಕು?

ಹೆಸರು, ಉದ್ದು, ಸಜ್ಜೆ ಜೊತೆ ತೊಗರಿ ಬಿತ್ತುವುದು ನಮ್ಮ ಹಿರಿಯರ ಪದ್ಧತಿ. ಈಗ ಕಣ್ಣು ಹಾಯುವವರೆಗೆ ತೊಗರಿ ಒಂದೇ. ಪತಂಗಕ್ಕೆ ಇದಕ್ಕಿಂತ ದೊಡ್ಡ ಊಟದ ಮನೆ ಬೇಕೇ? ಹೊಲದ ಸುತ್ತ ಒಂದು ಸಾಲು ಚೆಂಡು ಹೂ ಹಾಕಿ. ಪತಂಗ ಅದರ ಮೇಲೂ ಮೊಟ್ಟೆ ಇಡುತ್ತದೆ, ಹೂವು ದೀಪಾವಳಿಗೆ ಮಾರಾಟಕ್ಕೂ ಆಗುತ್ತದೆ.

ಕಾರಹುಣ್ಣಿಮೆಯ ಹಿಂದೆ ಮುಂದೆ ಬೇವಿನ ಹಣ್ಣು ಉದುರುತ್ತವೆ. ಆರಿಸಿ ನೆರಳಿನಲ್ಲಿ ಒಣಗಿಸಿ ಇಡಿ. ಐದು ಕೆ.ಜಿ. ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡಿ, ಸ್ವಲ್ಪ ಸಾಬೂನು ಪುಡಿ ಕೂಡಿಸಿ ನೂರು ಲೀಟರ್ ಮಾಡಿದರೆ ಶೇಕಡಾ 5ರ ಕಷಾಯ. ಹೂ ಬಿಡುವಾಗ ಸಂಜೆ ಹೊಡೆದರೆ ಪತಂಗ ಮೊಟ್ಟೆ ಇಡಲು ಹಿಂಜರಿಯುತ್ತದೆ, ಮರಿ ತಿನ್ನಲು ಬೇಸರ ಮಾಡುತ್ತದೆ.

ಎನ್‌.ಪಿ.ವಿ. ಅಂತ ಒಂದು ನಂಜು ಸಿಗುತ್ತದೆ. ಇದು ಈ ಕೀಡಿಗೆ ಮಾತ್ರ ಬರುವ ರೋಗ. ಮನುಷ್ಯರಿಗೆ, ದನಕ್ಕೆ, ಜೇನಿಗೆ ಏನೂ ಆಗುವುದಿಲ್ಲ. ಡಬ್ಬಿಯ ಮೇಲೆ ಎಲ್‌.ಇ. ಅಂತ ಬರೆದಿರುತ್ತದೆ. ಒಂದು ಎಲ್‌.ಇ. ಅಂದರೆ ರೋಗ ಬಂದು ಸತ್ತ ಒಂದು ದೊಡ್ಡ ಕೀಡಿಯಿಂದ ಸಿಗುವಷ್ಟು ನಂಜು. ಎಕರೆಗೆ 100ರಿಂದ 200 ಎಲ್‌.ಇ. ಬೇಕು. ಬಿಸಿಲಿಗೆ ಈ ನಂಜು ಸಾಯುತ್ತದೆ, ಹಾಗಾಗಿ ಹೊತ್ತು ಮುಳುಗುವಾಗ, ಸ್ವಲ್ಪ ಬೆಲ್ಲ ಕೂಡಿಸಿ ಹೊಡೆಯಬೇಕು. ಹೊಡೆದ ಮರುದಿನ ಕೀಡಿ ಸಾಯಲಿಲ್ಲ ಅಂತ ಬೈಯಬೇಡಿ, ಐದಾರು ದಿನ ತಡೆಯಿರಿ. ಸತ್ತ ಕೀಡಿ ತಲೆ ಕೆಳಗಾಗಿ ಜೋತು ಬಿದ್ದಿರುತ್ತದೆ. ಮರಿ ಇರುವಾಗ ಹೊಡೆದರೆ ಮಾತ್ರ ಇದರ ಗುಣ ಕಾಣುತ್ತದೆ.

ಮಗನ ಪ್ರಶ್ನೆ, ನನ್ನ ಲೆಕ್ಕ

"ಅಪ್ಪಾ, ಈಗ ಡ್ರೋನು ಬಂದದ. ಹತ್ತು ನಿಮಿಷದಾಗ ಒಂದು ಎಕರೆ ಆಗ್ತದ. ನೀ ಇನ್ನೂ ಗಿಡ ಜಾಡಸ್ತೀ ಅಂತ ಮಂದಿ ನಗ್ತಾರ" ಅಂತ ಮಗ ಅಂತಾನೆ. ಪ್ರಶ್ನೆ ನ್ಯಾಯದ್ದೇ. ಅದಕ್ಕೆ 2024-25ರಲ್ಲಿ ಎಕರೆ ಲೆಕ್ಕ ಬರೆದಿಟ್ಟೆ.

ಪಕ್ಕದ ಹೊಲದವರು ಮೂರು ಸಲ ಎಣ್ಣೆ ಹೊಡೆದರು. ಔಷಧಿ, ಕೂಲಿ ಎಲ್ಲಾ ಸೇರಿ ಒಂದು ಸಲಕ್ಕೆ 1,200 ರೂಪಾಯಿ, ಒಟ್ಟು 3,600. ನಾನು ಬೇವಿನ ಕಷಾಯ ಒಂದು ಸಲ, ಖರ್ಚು 300. ಎರಡು ಸಲ ಜಾಡಿಸಿದೆವು. ಮೂರು ಜನಕ್ಕೆ ಎಕರೆಗೆ ಅರ್ಧ ದಿನ. ಮನೆಯವರಾದರೂ ತಲೆಗೆ 200 ಕೂಲಿ ಹಿಡಿದರೆ ಎರಡು ಸಲಕ್ಕೆ 1,200. ನಡುವೆ ಲೆಕ್ಕ ಮಿತಿ ದಾಟಿದಾಗ ಒಂದು ಸಲ ಎಣ್ಣೆಯನ್ನೂ ಹೊಡೆದೆ, 1,200. ಒಟ್ಟು 2,700. ಅವರಿಗೂ ನನಗೂ ಎಕರೆಗೆ ನಾಲ್ಕು ಕ್ವಿಂಟಲಿನ ಆಸುಪಾಸು ಬಂತು. ಐದಾರು ಕೆ.ಜಿ. ಅವರದೇ ಹೆಚ್ಚು, ಸುಳ್ಳು ಯಾಕೆ ಹೇಳಲಿ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ಹಿಡಿದರೆ ಆ ಹೆಚ್ಚಳದ ಬೆಲೆ 400 ಚಿಲ್ಲರೆ. ಅಂದರೆ ನನಗೆ ಉಳಿದದ್ದು ಎಕರೆಗೆ ನಾಲ್ಕೈದು ನೂರು.

ಇದೇನು ದೊಡ್ಡ ಉಳಿತಾಯ ಅಂತ ನಗಬಹುದು. ಆದರೆ ಸಣ್ಣ ರೈತನ ಲೆಕ್ಕ ಬೇರೆ. ಅವರ ಕೈಯಿಂದ ಹೋದದ್ದು 3,600 ರೊಕ್ಕ, ಅದೂ ಉದ್ರಿ. ನನ್ನ ಕೈಯಿಂದ ಹೋದದ್ದು 1,500. ಉಳಿದ 1,200 ನಮ್ಮ ಮನೆಯ ಕೂಲಿ, ಮನೆಯಲ್ಲೇ ಉಳಿಯಿತು. ಬೆಳೆ ಕೈಕೊಟ್ಟ ವರ್ಷ ಉದ್ರಿ ಇದ್ದವನು ಮುಳುಗುತ್ತಾನೆ, ಬೆವರು ಹಾಕಿದವನು ಹೇಗೋ ಮೇಲೆ ಬರುತ್ತಾನೆ. ಇಪ್ಪತ್ತು ಮೂವತ್ತು ಎಕರೆ ಇದ್ದವರಿಗೆ, ಆಳು ಹಿಡಿದೇ ಮಾಡಿಸುವವರಿಗೆ ಈ ಲೆಕ್ಕ ಕೂಡುವುದಿಲ್ಲ. ಅವರಿಗೆ ಜಾಡಿಸಿ ಅಂತ ನಾನು ಹೇಳುವುದಿಲ್ಲ. ಎಣಿಸಿ ನೋಡಿ ಹೊಡೆಯಿರಿ ಅಂತ ಮಾತ್ರ ಹೇಳುತ್ತೇನೆ.

ಎಣ್ಣೆ ಬೇಡವೇ ಬೇಡ ಅಂತಲೂ ನನ್ನ ಹಟ ಇಲ್ಲ. ನಾನೇ ಹೊಡೆದಿದ್ದೇನೆ. ಹೊಡೆಯುವ ದಿನ ಮೋಡ ನೋಡಿ ಗೊತ್ತು ಮಾಡಬೇಡಿ, ಗಿಡ ನೋಡಿ ಗೊತ್ತು ಮಾಡಿ. ಮರಿ ಇದ್ದಾಗ ಹೊಡೆಯಿರಿ. ಎರಡು ಮೂರು ಡಬ್ಬಿ ಕೂಡಿಸಬೇಡಿ. ಹೋದ ಸಲ ಹೊಡೆದ ಜಾತಿಯನ್ನೇ ಮತ್ತೆ ಹೊಡೆಯಬೇಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಎದುರು ನಿಲ್ಲಬೇಡಿ. ಡ್ರೋನು ಬಂದರೆ ಬೆನ್ನಿನ ಭಾರ ಇಳಿಯಿತು, ಒಳ್ಳೆಯದೇ. ಆದರೆ ಮೊಟ್ಟೆ ಎಣಿಸಿ ಕೊಡುವ ಕೆಲಸ ಅದು ಮಾಡುವುದಿಲ್ಲ.

ಒಬ್ಬನಿಂದ ಆಗುವುದಲ್ಲ

ಪತಂಗಕ್ಕೆ ಬದು ಕಾಣಿಸುವುದಿಲ್ಲ. ನಾನು ಜಾಡಿಸಿ ಪಕ್ಕದವನು ಬಿಟ್ಟರೆ ವಾರದಲ್ಲಿ ಅವನ ಹೊಲದ್ದು ನನ್ನ ಹೊಲಕ್ಕೆ. ಆದ್ದರಿಂದ ಊರಿಗೆ ಊರೇ ಕೂಡಿ ಮಾಡಬೇಕು. ಎಳ್ಳ ಅಮಾವಾಸ್ಯೆಗೆ ಊರೆಲ್ಲಾ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುತ್ತೇವೆ. ಅದಕ್ಕೆ ಒಂದೂವರೆ ತಿಂಗಳ ಮೊದಲು, ಹೂವಿನ ಹೊತ್ತಿನಲ್ಲಿ, ಊರೆಲ್ಲಾ ಹೊಲಕ್ಕೆ ಹೋಗಿ ಕೀಡಿ ಎಣಿಸುವ ದಿನ ಒಂದು ಯಾಕೆ ಇರಬಾರದು? ಮುಯ್ಯಾಳು ಪದ್ಧತಿಯಲ್ಲಿ ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ ಅಂತ ಜಾಡಿಸಿದರೆ ಕೂಲಿಯ ಮಾತೇ ಬರುವುದಿಲ್ಲ.

ಸರಕಾರದವರಿಗೂ ಒಂದು ಮಾತು. ಪತಂಗದ ಮೋಹಕ ಬಲೆ ಎಕರೆಗೆ ಎರಡು ಇಟ್ಟರೆ ಗಂಡು ಪತಂಗ ಬಂದು ಬೀಳುತ್ತವೆ, ಮೊಟ್ಟೆ ಬೀಳುವ ಹೊತ್ತು ಮುಂಚೆಯೇ ತಿಳಿಯುತ್ತದೆ. ಒಂದು ವರ್ಷ ನನಗೆ ಒಂದು ಕಚೇರಿಯಿಂದ ಬಲೆ ಸಿಕ್ಕಿತು. ಸಿಕ್ಕಿದ್ದು ಕಾಯಿ ಬಲಿತು ಒಣಗುವಾಗ. ಸಹಿ ಹಾಕಿಸಿಕೊಂಡರು, ಫೋಟೋ ತೆಗೆದರು. ಬಲೆ ಈಗ ನಮ್ಮ ಅಟ್ಟದ ಮೇಲಿದೆ. ಬಲೆ ಮತ್ತು ಎನ್‌.ಪಿ.ವಿ. ದಸರೆಗೆ ಕೊಡಿ, ಸಂಕ್ರಾಂತಿಗೆ ಬೇಡ. ತಡವಾಗಿ ಬಂದದ್ದು ಪುಕ್ಕಟೆಯಾದರೂ ದಂಡವೇ.

2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಜಿ.ಐ. ಗುರುತು ಸಿಕ್ಕಿತು. ನಮ್ಮ ಎರೆ ಮಣ್ಣಿನ ರುಚಿಗೆ ಹೆಸರು ಬಂದಿತು. ಹೆಸರು ಬಂದ ಬೇಳೆಯಲ್ಲಿ ನಾಲ್ಕು ಡಬ್ಬಿಯ ವಾಸನೆ ಇರಬಾರದು ಅಂತ ತಿನ್ನುವವರು ಮುಂದೆ ಕೇಳಿಯೇ ಕೇಳ್ತಾರೆ. ಅವರು ಕೇಳುವ ಮೊದಲು ನಾವೇ ಕೇಳಿಕೊಂಡರೆ ಒಳ್ಳೆಯದು.

ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಆ ದಿನದ ಮೇಲೆ ಪಂಪು ಹೊರುವ ಮುಂಚೆ ಹೊಲಕ್ಕೆ ಹೋಗಿ ಬರುತ್ತಾನೆ. "ಅಪ್ಪಾ, ಇಪ್ಪತ್ತಕ್ಕ ಹದಿನಾಲ್ಕು ಮೊಟ್ಟಿ ಸಿಕ್ಕಾವ, ಇನ್ನೆರಡು ದಿನ ತಡೀತೀನಿ" ಅಂದ ಒಂದು ಸಂಜೆ. ನನ್ನಪ್ಪ ಬದುಕಿದ್ದು ಈ ಮಾತು ಕೇಳಬೇಕಿತ್ತು.

ರೈತ ಬಾಂಧವರೇ, ಬರುವ ಹಂಗಾಮಿಗೆ ಒಂದೇ ಎಕರೆಯಲ್ಲಿ ಮಾಡಿ ನೋಡಿ. ಇಪ್ಪತ್ತು ಗಿಡ ಎಣಿಸಿ, ಒಂದು ಸಾಲು ಜಾಡಿಸಿ. ಬಿದ್ದ ಕೀಡಿಯನ್ನು ತಟ್ಟಿನ ಮೇಲೆ ನೀವೇ ಕಾಣಿ. ಹೆಚ್ಚು ಕಡಿಮೆ ಏನಾಯಿತು ಅನ್ನುವುದನ್ನು ಈ ಪತ್ರಿಕೆಗೆ ಬರೆಯಿರಿ. ನಾನು ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ.